ಅಗತ್ತಿಯಿಂದ ಅಂಡಮಾನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಮೈಸೂರು–ಮಂಡ್ಯದವರು ಲೆಕ್ಕ ಹಾಕುವ ಬಗೆ

ಲಕ್ಷದ್ವೀಪದ ಅಗತ್ತಿ ವಿಮಾನ ನಿಲ್ದಾಣಕ್ಕೂ ಅಂಡಮಾನಿನ ಶ್ರೀ ವಿಜಯ ಪುರಂ ನಿಲ್ದಾಣಕ್ಕೂ ನಡುವೆ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ಎರಡು ಸಂಖ್ಯೆ ಸಿಗುತ್ತವೆ. ದೂರ ಸುಮಾರು 2,240 ಕಿ.ಮೀ., ಹಾರಾಟದ ಸಮಯ ಮೂರು ಗಂಟೆ ಚಿಲ್ಲರೆ. ಮೊದಲನೆಯದು ಸರಿ. ಎರಡನೆಯದನ್ನು ನಂಬಿ ರಜೆ ಹಾಕಿದರೆ ಕೆಟ್ಟಿರಿ. ಈ ಎರಡು ದ್ವೀಪಗಳ ನಡುವೆ ನೇರ ವಿಮಾನವೇ ಇಲ್ಲ. ಇಲ್ಲದ ವಿಮಾನಕ್ಕೆ ಮೂರು ಗಂಟೆಯಾದರೇನು, ಮೂವತ್ತಾದರೇನು!

(ಶ್ರೀ ವಿಜಯ ಪುರಂ ಅಂದರೆ ನಮ್ಮ ಹಳೆಯ ಪೋರ್ಟ್ ಬ್ಲೇರ್. 2024ರಲ್ಲಿ ಹೆಸರು ಬದಲಾಯಿತು. ಟಿಕೆಟ್ ಹುಡುಕುವಾಗ ಎರಡೂ ಹೆಸರು ಕೊಟ್ಟು ನೋಡಿ. ನಿಲ್ದಾಣದ ಕೋಡ್ ಮಾತ್ರ ಐಎಕ್ಸ್‌ಝಡ್. ಅಗತ್ತಿಯದ್ದು ಎಜಿಎಕ್ಸ್.)

ಈ ತರಹದ ಲೆಕ್ಕವನ್ನು ನಾವೇ ಹಾಕಿಕೊಳ್ಳಬಹುದು. ಕಷ್ಟವೇನಿಲ್ಲ. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸ್ ಮತ್ತು ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಅಗತ್ತಿ–ಅಂಡಮಾನ್ ಜೋಡಿಯನ್ನೇ ಉದಾಹರಣೆಗೆ ಇಟ್ಟುಕೊಂಡು, ನಡುನಡುವೆ ಮಾಲ್ಡೀವ್ಸ್, ಶ್ರೀಲಂಕಾ ಕಡೆಗೂ ಹೋಗಿ ಬರೋಣ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರೂ ಜಾಸ್ತಿ ಆಗಿದ್ದಾರಲ್ಲ.

ಹೆಜ್ಜೆ 1: ಎರಡೂ ನಿಲ್ದಾಣ ಭೂಪಟದಲ್ಲಿ ಎಲ್ಲಿವೆ ಅಂತ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್ ತೆರೆದು ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಒಂದು ಕೆಂಪು ಪಿನ್ ಬೀಳುತ್ತದೆ, ಜೊತೆಗೆ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಯಾವಾಗಲೂ ಅದೇ ಕ್ರಮ.

ಅಗತ್ತಿ: 10.82, 72.18
ಶ್ರೀ ವಿಜಯ ಪುರಂ: 11.64, 92.73

ಇಲ್ಲೊಂದು ಕಡೆ ಹುಷಾರಾಗಿರಬೇಕು. ಕೆಲವು ಪುಸ್ತಕಗಳಲ್ಲಿ, ಹಳೆಯ ನಕ್ಷೆಗಳಲ್ಲಿ ಇದೇ ಜಾಗವನ್ನು 11 ಡಿಗ್ರಿ 38 ನಿಮಿಷ ಅಂತ ಬರೆದಿರುತ್ತಾರೆ. ಅದನ್ನು 11.38 ಅಂತ ಹಾಕಬೇಡಿ. ಒಂದು ಡಿಗ್ರಿಗೆ 60 ನಿಮಿಷ. 38ನ್ನು 60ರಿಂದ ಭಾಗಿಸಿದರೆ 0.63 ಚಿಲ್ಲರೆ, ಅಂದರೆ 11.64ರ ಹತ್ತಿರ. 11.38 ಅಂತ ಹಾಕಿದರೆ ನಿಮ್ಮ ನಿಲ್ದಾಣ ಮೂವತ್ತು ಕಿಲೋಮೀಟರ್ ಪಕ್ಕಕ್ಕೆ ಹೋಗಿ ಸಮುದ್ರಕ್ಕೋ ಕಾಡಿಗೋ ಬೀಳುತ್ತದೆ. ಸಮಭಾಜಕದ ಕೆಳಗಿರುವ ಊರಾದರೆ ಅಕ್ಷಾಂಶಕ್ಕೆ ಮೈನಸ್ ಚಿಹ್ನೆ ಇರುತ್ತದೆ, ಅದನ್ನೂ ಮರೆಯಬೇಡಿ.

ಹೆಜ್ಜೆ 2: ದೂರದ ಲೆಕ್ಕ

ಮೊದಲು ಸುಲಭದ ಉದಾಹರಣೆ ನೋಡೋಣ. ಮಾಲ್ಡೀವ್ಸ್‌ನ ಮುಖ್ಯ ನಿಲ್ದಾಣ ವೆಲಾನಾ, ರಾಜಧಾನಿ ಮಾಲೆಯ ಪಕ್ಕದ ಹುಲುಲೆ ದ್ವೀಪದಲ್ಲಿದೆ. ಅದರ ಅಕ್ಷಾಂಶ 4.19. ದಕ್ಷಿಣದ ತುದಿಯಲ್ಲಿ ಗಾನ್ ಅಂತ ಇನ್ನೊಂದು ದ್ವೀಪ ನಿಲ್ದಾಣ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ್ದು, 1976ರವರೆಗೆ ಅವರ ವಾಯುಪಡೆಯ ನೆಲೆಯಾಗಿತ್ತು. ಅದು ಸಮಭಾಜಕದ ಕೆಳಗೆ, −0.69ರಲ್ಲಿದೆ. ಎರಡರ ರೇಖಾಂಶ ಹೆಚ್ಚುಕಮ್ಮಿ ಒಂದೇ. ಅಂದರೆ ಒಂದು ಇನ್ನೊಂದರ ನೇರ ಕೆಳಗಿದೆ. ಆಗ ಅಕ್ಷಾಂಶದ ವ್ಯತ್ಯಾಸ ಸಾಕು: 4.19 ಮತ್ತು 0.69 ಕೂಡಿದರೆ 4.88 ಡಿಗ್ರಿ.

ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111.2 ಕಿ.ಮೀ. ಗುಣಿಸಿದರೆ 543 ಕಿ.ಮೀ. ಮುಗಿಯಿತು. ವಿಮಾನದವರು, ಹಡಗಿನವರು ಇದನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ನಮ್ಮ ರಸ್ತೆಯ ಹಳೇ ಮೈಲಿ 1.609 ಕಿ.ಮೀ. ಮಾತ್ರ. ಎಲ್ಲಾದರೂ ಬರೀ ಮೈಲಿ ಅಂತ ಕಂಡರೆ ಯಾವ ಮೈಲಿ ಅಂತ ನೋಡಿಕೊಳ್ಳಿ.

ಈಗ ನಮ್ಮ ಜೋಡಿ. ಇವೆರಡೂ ಪೂರ್ವ–ಪಶ್ಚಿಮವಾಗಿ ದೂರದೂರ ಇವೆ. ಇಲ್ಲಿ ರೇಖಾಂಶದ ಲೆಕ್ಕವೂ ಬೇಕು. ರೇಖಾಂಶಗಳು ಕಿತ್ತಳೆ ತೊಳೆಗಳ ಹಾಗೆ: ನಡುವೆ ಅಗಲ, ತುದಿಗೆ ಹೋದಂತೆ ಚೂಪು. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ 111 ಕಿ.ಮೀ. ಇದ್ದರೆ, ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಅಂತ ಹೇಳುವುದು ಕ್ಯಾಲ್ಕುಲೇಟರಿನ ಕಾಸ್ (cos) ಬಟನ್.

ಅಕ್ಷಾಂಶದ ವ್ಯತ್ಯಾಸ 0.82. ಅದನ್ನು 111.2ರಿಂದ ಗುಣಿಸಿದರೆ 91 ಕಿ.ಮೀ.

ರೇಖಾಂಶದ ವ್ಯತ್ಯಾಸ 20.55. ಅದನ್ನು 111.2ರಿಂದ ಗುಣಿಸಿ. ಆಮೇಲೆ ಎರಡೂ ಅಕ್ಷಾಂಶಗಳ ಸರಾಸರಿ, ಅಂದರೆ 11.23ರ ಕಾಸ್ ಬೆಲೆ 0.981ರಿಂದ ಇನ್ನೊಮ್ಮೆ ಗುಣಿಸಿ. 2,242 ಕಿ.ಮೀ. ಬರುತ್ತದೆ.

ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಿರಿ. ಉತ್ತರ 2,244 ಕಿ.ಮೀ.

ಭೂಮಿ ಗುಂಡಗಿದೆ ಅನ್ನುವುದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವ ದೊಡ್ಡ ಸೂತ್ರದಲ್ಲಿ ಹಾಕಿದರೆ 2,243 ಬರುತ್ತದೆ. ನಮ್ಮ ಸುಲಭ ಲೆಕ್ಕ ಒಂದೇ ಕಿಲೋಮೀಟರ್ ತಪ್ಪಿತು. ಸಮಭಾಜಕದ ಹತ್ತಿರದ ದ್ವೀಪಗಳಿಗೆ ಈ ವಿಧಾನ ಧಾರಾಳವಾಗಿ ನಡೆಯುತ್ತದೆ. ಐಸ್‌ಲ್ಯಾಂಡಿನಿಂದ ಜಪಾನಿಗೆ ಅಂದರೆ ಮಾತ್ರ ನಡೆಯುವುದಿಲ್ಲ, ಆಗ ಆನ್‌ಲೈನ್ ಕ್ಯಾಲ್ಕುಲೇಟರನ್ನೇ ನಂಬಿ.

ಕ್ಯಾಲ್ಕುಲೇಟರ್ ಬಗ್ಗೆ ಒಂದು ಮಾತು. ಫೋನನ್ನು ಅಡ್ಡ ತಿರುಗಿಸಿದರೆ ಕಾಸ್ ಬಟನ್ ಕಾಣುತ್ತದೆ. ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿ. 11.23ರ ಕಾಸ್ ಒತ್ತಿದಾಗ 0.98 ಬಂದರೆ ಸರಿಯಿದೆ. 0.23 ಬಂದರೆ ರೇಡಿಯನ್‌ನಲ್ಲಿದೆ, ಬದಲಾಯಿಸಿ. ಇಲ್ಲದಿದ್ದರೆ ಅಂಡಮಾನ್ ನಿಮಗೆ ವಿಶಾಖಪಟ್ಟಣಕ್ಕಿಂತ ಹತ್ತಿರ ಬಂದು ಕೂರುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರು ಗೂಗಲ್ ಮ್ಯಾಪ್ಸ್‌ನಲ್ಲೇ ಪಿನ್ ಹಾಕಿದ ಮೇಲೆ ಸಿಗುವ ದೂರ ಅಳೆಯುವ ಸೌಲಭ್ಯ ಬಳಸಬಹುದು. ಅದರಲ್ಲಿ ಇನ್ನೊಂದು ಲಾಭವೂ ಇದೆ, ಎರಡು ನಿಲ್ದಾಣಗಳ ನಡುವಿನ ನೇರ ಗೆರೆ ಎಲ್ಲಿ ಹಾದುಹೋಗುತ್ತದೆ ಅಂತ ತಿಳಿಯುತ್ತದೆ. ಅಗತ್ತಿ–ಅಂಡಮಾನ್ ಗೆರೆ ಸಮುದ್ರದ ಮೇಲೇ ಇರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲ. ಅದು ಕೇರಳ ದಾಟಿ, ಊಟಿಗಿಂತ ಸ್ವಲ್ಪ ಕೆಳಗೆ, ಕೊಯಮತ್ತೂರಿನ ಪಕ್ಕದಲ್ಲೇ ಹೋಗುತ್ತದೆ. ಮೈಸೂರಿಗೆ ಸುಮಾರು 130 ಕಿ.ಮೀ. ದಕ್ಷಿಣದಲ್ಲಿ. ಈ ವಿಷಯ ಮುಂದೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಗಾಳಿಯಲ್ಲಿ ಎಷ್ಟು ಹೊತ್ತು

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ಅಷ್ಟಕ್ಕೇ ನಿಲ್ಲಿಸಿದರೆ ಉತ್ತರ ಯಾವಾಗಲೂ ಕಡಿಮೆ ಬರುತ್ತದೆ. ವಿಮಾನ ಗೇಟು ಬಿಟ್ಟು ರನ್‌ವೇಗೆ ಹೋಗಬೇಕು, ಮೇಲೇರಬೇಕು, ಇಳಿಯುವಾಗ ನಿಧಾನಿಸಬೇಕು, ಸುತ್ತು ಹಾಕಬೇಕು. ಟಿಕೆಟ್ ಮೇಲೆ ಬರೆದಿರುವ ಸಮಯ ಗೇಟಿನಿಂದ ಗೇಟಿಗೆ.

ನಾನು ಹಾಕುವ ಲೆಕ್ಕ ಹೀಗೆ. ಏರ್‌ಬಸ್, ಬೋಯಿಂಗ್ ತರಹದ ಜೆಟ್ ಆದರೆ ಕಿಲೋಮೀಟರನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಎಟಿಆರ್ ತರಹದ ಫ್ಯಾನ್ ಇರುವ ಸಣ್ಣ ವಿಮಾನ ಆದರೆ 480ರಿಂದ ಭಾಗಿಸಿ, 25 ನಿಮಿಷ ಸೇರಿಸಿ. ಹತ್ತು ನಿಮಿಷ ಆಚೀಚೆ ಆಗಬಹುದು.

ಬೆಂಗಳೂರಿನಿಂದ ಶ್ರೀ ವಿಜಯ ಪುರಂ ಸುಮಾರು 1,640 ಕಿ.ಮೀ. ಜೆಟ್ ಲೆಕ್ಕದಲ್ಲಿ ಎರಡೂವರೆ ಗಂಟೆ. ಕೊಲಂಬೊದಿಂದ ಮಾಲೆ 777 ಕಿ.ಮೀ. ಒಂದೂವರೆ ಗಂಟೆ. ಟಿಕೆಟ್ ಮೇಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ತಾಳೆ ನೋಡಿ. ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಸ್ವಲ್ಪ ವ್ಯತ್ಯಾಸ ಕಂಡರೆ ಅದಕ್ಕೆ ಗಾಳಿಯೇ ಮುಖ್ಯ ಕಾರಣ.

ಹೆಜ್ಜೆ 4: ಆ ವಿಮಾನ ಅಲ್ಲಿ ಇಳಿಯುತ್ತದಾ?

ಮೂರು ಗಂಟೆ ಅನ್ನುವ ಉತ್ತರ ಕೆಟ್ಟದ್ದು ಇಲ್ಲೇ. ಆ ಲೆಕ್ಕ ಜೆಟ್ ವಿಮಾನದ್ದು. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್. ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣದ್ದೇ 1,700 ಮೀಟರಿನ ಆಸುಪಾಸು, ಅಲ್ಲಿಗೂ ಬರುವುದು ಎಟಿಆರ್. ಹಾಗಿರುವಾಗ ಅಗತ್ತಿಯಲ್ಲಿ 180 ಸೀಟಿನ ಏರ್‌ಬಸ್ ಇಳಿಯುವ ಮಾತೇ ಇಲ್ಲ. ಸರಿ, ಎಟಿಆರ್‌ನಲ್ಲೇ ನೇರ ಹೋಗೋಣ ಅಂದರೆ ಐದು ಗಂಟೆ ಹಿಡಿಯುತ್ತದೆ. ಅದಕ್ಕಿಂತ ಮೊದಲು ಇಂಧನ ಮುಗಿಯುತ್ತದೆ. ಜನ ತುಂಬಿದ ಎಟಿಆರ್ 72 ಒಂದೇ ಉಸಿರಿಗೆ ಹೋಗುವುದು ಸುಮಾರು 1,400–1,500 ಕಿ.ಮೀ. ಮಾತ್ರ.

ಹಾಗಾಗಿ ಯಾವುದೇ ಎರಡು ದ್ವೀಪ ನಿಲ್ದಾಣಗಳ ಹೆಸರು ಸಿಕ್ಕಾಗ ದೂರ ನೋಡುವ ಮುಂಚೆ ಮೂರು ವಿಷಯ ನೋಡಿ. ರನ್‌ವೇ ಎಷ್ಟು ಉದ್ದ, ಅಲ್ಲಿಗೆ ಯಾವ ಮಾದರಿಯ ವಿಮಾನ ಬರುತ್ತದೆ, ವಾರದಲ್ಲಿ ಯಾವ್ಯಾವ ದಿನ ಬರುತ್ತದೆ. ಎಷ್ಟೋ ದ್ವೀಪಗಳಿಗೆ ದಿನಾ ವಿಮಾನ ಇರುವುದಿಲ್ಲ. ಮಂಗಳವಾರ ತಪ್ಪಿದರೆ ಶುಕ್ರವಾರ ಅನ್ನುವ ಹಾಗಿರುತ್ತದೆ.

ಈಗ ಗೆರೆ ಕೊಯಮತ್ತೂರಿನ ಪಕ್ಕ ಹೋಗುತ್ತದೆ ಅಂದೆನಲ್ಲ, ಅಲ್ಲಿಗೆ ಬರೋಣ. ಅಗತ್ತಿಯಿಂದ ಬೆಂಗಳೂರು ಸುಮಾರು 657 ಕಿ.ಮೀ. ಬೆಂಗಳೂರಿನಿಂದ ಅಂಡಮಾನ್ 1,640. ಕೂಡಿದರೆ 2,297. ನೇರ ದಾರಿಗಿಂತ ಬರೀ 54 ಕಿ.ಮೀ. ಜಾಸ್ತಿ! ಅಂದರೆ ಬೆಂಗಳೂರಲ್ಲಿ ವಿಮಾನ ಬದಲಾಯಿಸಿದರೆ ಸುತ್ತು ಹಾಕಿದ ಹಾಗೇ ಅಲ್ಲ. ನಷ್ಟ ಆಗುವುದು ದೂರದಲ್ಲಲ್ಲ, ಕಾಯುವುದರಲ್ಲಿ.

ಬೆಂಗಳೂರು–ಅಗತ್ತಿ ನೇರ ವಿಮಾನವನ್ನು ಇಂಡಿಗೋ 2024ರಲ್ಲಿ ಶುರು ಮಾಡಿತು. ನಿಮ್ಮ ದಿನಕ್ಕೆ ಸಿಗದಿದ್ದರೆ ಕೊಚ್ಚಿಯಿಂದ ಹೋಗುವ ಹಳೆಯ ದಾರಿ ಇದ್ದೇ ಇದೆ. ಕೊಚ್ಚಿ–ಅಗತ್ತಿ ಸುಮಾರು 465 ಕಿ.ಮೀ., ಒಂದೂವರೆ ಗಂಟೆಯೊಳಗಿನ ಹಾರಾಟ. ಯಾವ ದಾರಿಯಾದರೂ ಟಿಕೆಟ್ ಮಾಡುವ ಮೊದಲು ಲಕ್ಷದ್ವೀಪದ ಪ್ರವೇಶ ಪರವಾನಗಿಯ ಕೆಲಸ ನೋಡಿಕೊಳ್ಳಿ. ಅದಿಲ್ಲದೆ ಹೊರಗಿನವರನ್ನು ಬಿಡುವುದಿಲ್ಲ, ನಾವು ಭಾರತೀಯರೇ ಆದರೂ. ಅಂಡಮಾನಿನಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ಜಾಗಗಳಿಗೆ ಭಾರತೀಯರಿಗೆ ಈ ತಾಪತ್ರಯ ಇಲ್ಲ.

ಹೆಜ್ಜೆ 5: ಮನೆ ಬಾಗಿಲಿನಿಂದ ಲೆಕ್ಕ

ನಮ್ಮ ಜನ ಟಿಕೆಟ್ ನೋಡಿ "ಎರಡೂವರೆ ಗಂಟೆ ಅಷ್ಟೇ ಕಣ್ರೀ, ತಿಂಡಿ ತಿಂದು ಹೊರಟರೆ ಊಟಕ್ಕೆ ಅಲ್ಲಿರ್ತೀವಿ" ಅನ್ನುತ್ತಾರೆ. ದೇವನಹಳ್ಳಿಯಲ್ಲಿ ಮನೆ ಇದ್ದವರಿಗೆ ಅದು ಸರಿ. ಮೈಸೂರಿನವರಿಗೆ ಅಲ್ಲ.

ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ 180 ಕಿ.ಮೀ. ಮೇಲೇ ಆಗುತ್ತದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕೆಂಗೇರಿವರೆಗೆ ಬೇಗ ಬರುತ್ತೇವೆ, ನಿಜ. ಅಲ್ಲಿಂದ ಮುಂದೆ ಬೆಂಗಳೂರು ಶುರು. ನಗರದ ಒಳಗೆ ನುಗ್ಗಿ ಹೆಬ್ಬಾಳ ದಾಟುವುದೋ, ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆ ಕಡೆಯಿಂದ ಯಲಹಂಕಕ್ಕೆ ಬರುವುದೋ ಅನ್ನುವುದು ಹೊತ್ತಿನ ಮೇಲೆ ಹೋಗುತ್ತದೆ. ಸಂಜೆ ಹೊತ್ತಾದರೆ ನಾನು ನಗರದೊಳಗಿನ ದಾರಿಯನ್ನು ಯಾರಿಗೂ ಹೇಳುವುದಿಲ್ಲ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿದರೆ ಗಾಡಿ ಓಡಿಸುವ, ಪಾರ್ಕಿಂಗ್ ಬಾಡಿಗೆ ಕಟ್ಟುವ ಚಿಂತೆ ಇಲ್ಲ. ರಸ್ತೆಗೆ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಮಂಡ್ಯದವರು ಇದರಲ್ಲಿ ಒಂದು ಗಂಟೆ ಕಳೆಯಿರಿ.

ಚೆಕ್-ಇನ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸಾಲು, ಭದ್ರತಾ ತಪಾಸಣೆ ಎಲ್ಲ ಸೇರಿ ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಕೊಲಂಬೊ–ಮಾಲೆಗೆ ಮೂರು ಗಂಟೆ ಮೊದಲು ಇರಿ. ಇಳಿದ ಮೇಲೆ ಬ್ಯಾಗು, ಟ್ಯಾಕ್ಸಿ ಅಂತ ಒಂದು ಗಂಟೆ.

ಕೂಡೋಣ. ರಸ್ತೆ ನಾಲ್ಕೂವರೆ, ನಿಲ್ದಾಣ ಎರಡು, ಹಾರಾಟ ಎರಡೂವರೆ, ಇಳಿದ ಮೇಲೆ ಒಂದು. ಹತ್ತು ಗಂಟೆ. ಅದರಲ್ಲಿ ವಿಮಾನ ಹಾರುವುದು ಕಾಲು ಪಾಲು. ಬೆಳಗ್ಗೆ ಆರಕ್ಕೆ ವಿಮಾನ ಅಂದರೆ ರಾತ್ರಿ ಹನ್ನೊಂದೂವರೆಗೆ ಮೈಸೂರು ಬಿಡಬೇಕು. ಅಂದರೆ ಹಿಂದಿನ ದಿನದ ದಿನಾಂಕ! ಬಸ್ ಟಿಕೆಟ್ ಕಾದಿರಿಸುವಾಗ ಇದನ್ನು ಇನ್ನೊಮ್ಮೆ ನೋಡಿ. ವಿಮಾನದ ದಿನಾಂಕವನ್ನೇ ಬಸ್ಸಿಗೂ ಹಾಕಿದರೆ ವಿಮಾನ ಹೋದ ಮೇಲೆ ನಿಮ್ಮ ಬಸ್ಸು ಹೊರಡುತ್ತದೆ.

ಮಂಡಕಳ್ಳಿಯಿಂದ ಚೆನ್ನೈಗೆ ವಿಮಾನ ಇರುವ ದಿನಗಳಲ್ಲಿ ಅದನ್ನೂ ಯೋಚಿಸಬಹುದು. ಚೆನ್ನೈ–ಅಂಡಮಾನ್ 1,370 ಕಿ.ಮೀ., ಎರಡೂಕಾಲು ಗಂಟೆ. ಎರಡು ವಿಮಾನದ ಸಮಯ ಹೊಂದಿದರೆ ಮಾತ್ರ ಲಾಭ. ಹೊಂದದಿದ್ದರೆ ಚೆನ್ನೈ ಸೆಕೆಯಲ್ಲಿ ಕೂರಬೇಕು.

ಹೆಜ್ಜೆ 6: ಗಡಿಯಾರ ಮತ್ತು ಸೂರ್ಯ

ದೇಶ ಬದಲಾದರೆ ಟಿಕೆಟ್ ಮೇಲಿನ ಎರಡು ಸಮಯ ಕಳೆದು ಹಾರಾಟದ ಹೊತ್ತು ತೆಗೆಯಬೇಡಿ. ಕೊಲಂಬೊ ಗಡಿಯಾರ ನಮ್ಮದೇ. ಮಾಲೆಯದ್ದು ಅರ್ಧ ಗಂಟೆ ಹಿಂದೆ. ಕೊಲಂಬೊದಲ್ಲಿ ಏಳಕ್ಕೆ ಹೊರಟು ಒಂದೂವರೆ ಗಂಟೆ ಹಾರಿದರೆ ಮಾಲೆಯಲ್ಲಿ ಎಂಟು ಗಂಟೆ ಮಾತ್ರ ಆಗಿರುತ್ತದೆ. ಟಿಕೆಟ್ ನೋಡಿದರೆ ಒಂದೇ ಗಂಟೆಯ ಪ್ರಯಾಣ ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ದಾರಿಗೆ ಎರಡು ಗಂಟೆ ಕಾಣುತ್ತದೆ. ಎರಡೂ ಟಿಕೆಟ್‌ನಲ್ಲಿ ಬರೆದಿರುವುದು ಆಯಾ ಊರಿನ ಸಮಯ.

ಅಗತ್ತಿ–ಅಂಡಮಾನ್ ವಿಷಯದಲ್ಲಿ ಇದಕ್ಕೆ ಉಲ್ಟಾ. ಗಡಿಯಾರ ಎರಡು ಕಡೆಯೂ ಒಂದೇ, ಸೂರ್ಯ ಮಾತ್ರ ಬೇರೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. 20.55 ಡಿಗ್ರಿ ಅಂದರೆ 82 ನಿಮಿಷ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ಅದು ಈ ಎರಡು ದ್ವೀಪಗಳ ಸರಿಯಾಗಿ ನಡುವೆ ಬರುತ್ತದೆ. ಒಂದು ಕಡೆ ಸೂರ್ಯ 41 ನಿಮಿಷ ಮುಂದೆ, ಇನ್ನೊಂದು ಕಡೆ 41 ನಿಮಿಷ ಹಿಂದೆ. ಡಿಸೆಂಬರ್ ಕೊನೆಯಲ್ಲಿ ಅಗತ್ತಿಯಲ್ಲಿ ಸೂರ್ಯ ಮುಳುಗುವಾಗ ಆರೂಕಾಲು ದಾಟಿರುತ್ತದೆ. ಅಂಡಮಾನಿನಲ್ಲಿ ಐದು ಗಂಟೆಗೇ ಮುಳುಗುತ್ತಾನೆ. ಮೈಸೂರಿನ ಲೆಕ್ಕದಲ್ಲಿ ಸಂಜೆ ಸುತ್ತಾಡೋಣ ಅಂತ ಹೊರಟರೆ ಅಲ್ಲಿ ದೀಪ ಹಚ್ಚಿರುತ್ತಾರೆ.

ಇದು ಸುಮ್ನೆ ಕುತೂಹಲಕ್ಕೆ ಹೇಳಿದ್ದಲ್ಲ. ದ್ವೀಪದ ಪ್ರಯಾಣ ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಶ್ರೀ ವಿಜಯ ಪುರಂನಿಂದ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ, ಹಡಗು ಹಿಡಿಯಬೇಕು. ಅವು ಹಗಲಲ್ಲೇ ಓಡುತ್ತವೆ. ಮಧ್ಯಾಹ್ನದ ಹಡಗು ತಪ್ಪಿದರೆ ಆ ರಾತ್ರಿ ಅಲ್ಲೇ ಲಾಡ್ಜು. ಮಾಲೆಯಲ್ಲಿ ಇನ್ನೂ ಬಿಗಿ. ದೂರದ ರೆಸಾರ್ಟ್‌ಗಳಿಗೆ ಹೋಗುವ ಸೀಪ್ಲೇನ್‌ಗಳು ಕತ್ತಲಲ್ಲಿ ಹಾರುವುದೇ ಇಲ್ಲ. ಸಂಜೆ ಇಳಿಯುವ ಅಗ್ಗದ ಟಿಕೆಟ್ ತೆಗೆದುಕೊಂಡು, ಮಾಲೆಯಲ್ಲಿ ಒಂದು ರಾತ್ರಿಯ ಹೋಟೆಲಿಗೆ ಅದಕ್ಕಿಂತ ಜಾಸ್ತಿ ಕೊಟ್ಟರೆ ಏನು ಬಂತು? ನಿಮ್ಮ ರೆಸಾರ್ಟ್‌ಗೆ ಸ್ಪೀಡ್‌ಬೋಟ್ ಇದೆಯಾ, ಸೀಪ್ಲೇನ್ ಮಾತ್ರವಾ ಅಂತ ಮೊದಲೇ ಕೇಳಿ. ಮಾಲೆ ನಗರದಲ್ಲೇ ಉಳಿಯುವವರಿಗೆ ತೊಂದರೆ ಇಲ್ಲ. 2018ರಲ್ಲಿ ಸೇತುವೆ ಆದ ಮೇಲೆ ಹುಲುಲೆಯಿಂದ ಟ್ಯಾಕ್ಸಿಯಲ್ಲೇ ಹೋಗಬಹುದು.

ಹೆಜ್ಜೆ 7: ಎರಡೂ ದ್ವೀಪ ಒಂದೇ ಸಲ ನೋಡಬೇಕೆಂದರೆ

ಕೇಳಿದರೆ ಬೇರೆಬೇರೆ ವರ್ಷ ಹೋಗಿ ಅನ್ನುತ್ತೇನೆ. ಆದರೂ ಒಂದೇ ಸಲ ಮುಗಿಸಬೇಕು ಅನ್ನುವವರಿಗೆ ಎರಡು ಮಾತು.

ಎರಡು ವಿಮಾನಗಳನ್ನು ಬೇರೆಬೇರೆ ಟಿಕೆಟ್ ಮಾಡಿಸಿದರೆ ಒಂದು ತಡವಾಗಿ ಇನ್ನೊಂದು ತಪ್ಪಿದಾಗ ಹೊಣೆ ನಿಮ್ಮದೇ. ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಕಂಪನಿ ಏನಾದರೂ ದಾರಿ ಮಾಡಿಕೊಡಬೇಕಾಗುತ್ತದೆ. ಒಂದೇ ಪಿಎನ್‌ಆರ್ ಸಿಗದಿದ್ದರೆ ನಡುವೆ ಒಂದು ರಾತ್ರಿ ಬಿಡಿ. ಆ ರಾತ್ರಿ ಮೈಸೂರಿಗೆ ಬಂದು ಮನೆಯಲ್ಲಿ ಮಲಗಿ ಹೋಗೋಣ ಅನ್ನುವ ಆಸೆ ಬೇಡ. ಹೋಗಿ ಬರುವುದಕ್ಕೇ ಒಂಬತ್ತು ಗಂಟೆ ರಸ್ತೆ. ದೇವನಹಳ್ಳಿ ಕಡೆ ಒಂದು ರೂಮು ನೋಡಿ, ಬಟ್ಟೆ ಒಗೆಸುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು, ಯಾವುದು ಮೊದಲು? ಅಂಡಮಾನ್ ಮೊದಲು, ಅಗತ್ತಿ ಆಮೇಲೆ. ಅಂಡಮಾನಿಗೆ ದಿನಾ ಬೇರೆಬೇರೆ ಊರುಗಳಿಂದ ದೊಡ್ಡ ವಿಮಾನಗಳಿವೆ. ಒಂದು ರದ್ದಾದರೆ ಇನ್ನೊಂದು ಸಿಗುತ್ತದೆ. ಅಗತ್ತಿಗೆ ಇರುವುದೇ ಬೆರಳೆಣಿಕೆಯ ಸಣ್ಣ ವಿಮಾನ, ಚಿಕ್ಕ ರನ್‌ವೇ. ಮಳೆ–ಗಾಳಿ ಜೋರಾದರೆ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂತೂ ಆ ಕಡೆ ಹೋಗುವ ಯೋಚನೆ ಬಿಡಿ. ಅಗತ್ತಿಯನ್ನು ಮೊದಲು ಇಟ್ಟುಕೊಂಡು ಅಲ್ಲೇ ಸಿಕ್ಕಿಬಿದ್ದರೆ ಅಂಡಮಾನ್ ಟಿಕೆಟ್, ಹೋಟೆಲು, ಹಡಗು ಮೂರೂ ಹೋಗುತ್ತವೆ. ಕೊನೆಗೆ ಇಟ್ಟುಕೊಂಡರೆ ಮನೆಗೆ ಬರುವುದು ತಡವಾಗಬಹುದು, ಅಷ್ಟೇ. ಅದಕ್ಕೂ ಸೇರಿಸಿ ಆಫೀಸಿಗೆ ಕೊಡುವ ರಜೆ ಚೀಟಿಯಲ್ಲಿ ಒಂದು ದಿನ ಜಾಸ್ತಿ ಬರೆಯಿರಿ.